ಹನ್ನೊಂದು ಸಾವಿರದ ಮುನ್ನೂರು ಹೆಸರುಗಳು

ಅಕ್ಟೋಬರ್ 14, ಸೋಮವಾರ

ಕೋಟು ಬಿಚ್ಚುವ ಮೊದಲೇ ರಾಜಧಾನಿ ಬಿಷ್ಕೆಕ್‌ನಿಂದ ಎಲ್ದಿಯಾರನ ಫೋನು. ಊರೂರಿನ ಆಸ್ಪತ್ರೆಗಳ ಕಂಪ್ಯೂಟರ್ ನೋಡಿಕೊಳ್ಳುವ ಕಚೇರಿಯಲ್ಲಿ ಕೂತಿದ್ದಾನೆ. ಇವನು ಯಾವತ್ತೂ ಒಳ್ಳೆಯ ಸುದ್ದಿಗೆ ಫೋನ್ ಮಾಡಿದವನಲ್ಲ.

"ಅಕ್ಕಾ, ನೀವು ಓಡಿಸ್ತಿರೋ ಸರ್ವರ್ ತಂತ್ರಾಂಶದಲ್ಲಿ ತೂತು ಸಿಕ್ಕಿದೆ. ತೇಪೆ ಬಂದಿದೆ, ಬೇಗ ಹಾಕಿಬಿಡಿ."

"ಜೂನ್ ತಿಂಗಳಲ್ಲೂ ಇದೇ ಹೇಳಿದ್ದೆ."

"ಜೂನ್ ತಿಂಗಳಿಂದು ತೂತು ಅಕ್ಕಾ. ಇದು ಬಾಗಿಲು."

ವಿಷಯ ಇಷ್ಟು. ಹೊರಗಿನವನು ಜಾಲತಾಣದ ವಿಳಾಸವನ್ನು ಒಂದು ಥರ ತಿರುಚಿ ಕಳಿಸಿದರೆ ಸಾಕು, ಸರ್ವರು ಹಿಂದೆಮುಂದೆ ನೋಡದೆ ಒಳಗಿನ ಕಡತ ತೆಗೆದು ಕೈಗೆ ಕೊಟ್ಟುಬಿಡುತ್ತದೆ. ಬೇರೆ ಕಡೆ ಆಗಿದ್ದರೆ ಇಷ್ಟು ಹೆದರಿಕೆ ಇರಲಿಲ್ಲ. ಇದು ಕ್ಷಯರೋಗದ ಆಸ್ಪತ್ರೆ. ಹಳ್ಳಿಯ ದವಾಖಾನೆಗಳವರು ಕಫದ ಪರೀಕ್ಷೆ, ಎಕ್ಸ್‌ರೇ ಎಲ್ಲವನ್ನೂ ನಮ್ಮ ತಾಣದಲ್ಲೇ ನೋಡುವುದು. ಹನ್ನೊಂದು ಸಾವಿರದ ಮುನ್ನೂರು ಹೆಸರುಗಳಿವೆ. ತೊಂಬತ್ತರ ದಶಕದ ಹಳೆಯ ಚೀಟಿಗಳನ್ನೂ ಎರಡು ಚಳಿಗಾಲ ಕೂತು ನಾನೇ ಟೈಪ್ ಮಾಡಿದ್ದೇನೆ. ಆಗ ಒಂದು ಅಭ್ಯಾಸ ಮಾಡಿಕೊಂಡೆ. ಅಕ್ಷರ ನೋಡುವುದು, ಯಾರೆಂದು ನೋಡದಿರುವುದು. ಇವತ್ತಿಗೂ ಆ ಪಟ್ಟಿಯಲ್ಲಿ ಯಾರ ಹೆಸರನ್ನೂ ಹುಡುಕಿದವಳಲ್ಲ.

ಒಂದು ಸಾಲಿನ ಹೊರತು. ಅದು ನನ್ನ ಮಗಳು ನುರಾಯಿಂಳದು.

ಮದುವೆ ನಿಶ್ಚಯವೆಂದು ಗಂಡಿನ ಕಡೆಯವರು ಅವಳಿಗೆ ಕಿವಿಯೋಲೆ ಹಾಕುವ ಶಾಸ್ತ್ರ ನವೆಂಬರ್ ಎರಡಕ್ಕೆ ಗೊತ್ತಾಗಿದೆ. ಹುಡುಗ ಮಿರ್ಲಾನ್, ಪಕ್ಕದ ಹಳ್ಳಿಯವನು, ಪಶುವೈದ್ಯ. ಓಲೆ ಹಾಕುವುದು ಅವನ ತಾಯಿ ಶಾರ್ಕುಲ್. ಮಾತು ಸ್ವಲ್ಪ ಬಿರುಸು, ಮನೆ ಒಳ್ಳೆಯದು. ಆರು ವರ್ಷದ ಹಿಂದಿನ ಆ ಎಂಟು ತಿಂಗಳ ಸಂಗತಿ ಅವರಿಗೆ ಗೊತ್ತಿಲ್ಲ. ನುರಾಯಿಂ ಬಿಷ್ಕೆಕ್‌ನಲ್ಲಿ ಓದುತ್ತಿದ್ದಾಳೆ ಎಂದು ಆಗ ಊರಿಗೆಲ್ಲ ಹೇಳಿದ್ದೆ. ಅವಳು ಇದ್ದದ್ದು ನನ್ನ ಈ ಕೋಣೆಯ ಮೇಲಿನ ಮಹಡಿಯಲ್ಲಿ, ಕಡೆಯ ಹಾಸಿಗೆಯಲ್ಲಿ.

ಅದನ್ನು ಇಲ್ಲಿ ಹೆಚ್ಚು ಬರೆಯುವುದು ಬೇಡ.

ಅಕ್ಟೋಬರ್ 15, ಮಂಗಳವಾರ

ಊಟದ ಬಿಡುವಿನಲ್ಲಿ ತೇಪೆ ಇಳಿಸಿ ಹಾಕಿದೆ. ಇನ್ನೇನು ಸರ್ವರನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು, ಅಷ್ಟರಲ್ಲಿ ಮುಖ್ಯ ವೈದ್ಯ ಕಚ್ಕಿನ್‌ಬಾಯ್ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಇನ್ನೂ ಅರ್ಧ ತಿಂದ ಮಾಂಸದ ಸಮ್ಸಾ.

"ಸೈರಾಗುಲ್, ಏನನ್ನೂ ಮುಟ್ಟಬೇಡ. ಎಕ್ಸ್‌ರೇ ವ್ಯಾನು ಮೇಲಿನ ಹಳ್ಳೀಲಿದೆ. ಚಿತ್ರ ಬರ್ತಾ ಇವೆ."

"ನಲವತ್ತು ಸೆಕೆಂಡು ಡಾಕ್ಟರೇ."

"ಹೋದ ಸಲಾನೂ ನಲವತ್ತು ಸೆಕೆಂಡು ಅಂದೆ. ಮಧ್ಯಾಹ್ನ ಪೂರ್ತಿ ನಾವೆಲ್ಲ ಕೈ ಕಟ್ಕೊಂಡು ಕೂತಿದ್ವಿ."

ಅದು ಸುಳ್ಳಲ್ಲ. ಸಂಜೆ ಮಾಡಿದರಾಯಿತು ಅಂದುಕೊಂಡೆ. ತೇಪೆ ಕೂತಿದೆಯೇ ಎಂದು ನೋಡಲು ಎಲ್ದಿಯಾರ್ ಕಳಿಸಿದ್ದ ಪರೀಕ್ಷೆ ಓಡಿಸಿದೆ. ಹೊಸ ಆವೃತ್ತಿ ಎಂದು ಹಸಿರು ಗುರುತು ಬಂತು. "ಆಯಿತು" ಎಂದು ಅವನಿಗೆ ಬರೆದು ಹಾಕಿದೆ. ಆಮೇಲೆ ಪ್ರಯೋಗಾಲಯದ ಪ್ರಿಂಟರ್ ಕಾಗದ ನುಂಗಿತು ಎಂದು ಕರೆದರು. ಅಲ್ಲಿಂದ ನೇರ ಪೇಟೆಗೆ, ಶಾಸ್ತ್ರದ ದಿನಕ್ಕೆ ಮನೆಗೆ ಹೊಸ ಪರದೆ ಬಟ್ಟೆ ತರಲು. ನುರಾಯಿಂ ಹಸಿರು ಬೇಕೆಂದಳು, ನಾನು ಕೆಂಪು ತಂದೆ.

ಬುರುಲ್ಕಾನ್ ಅಕ್ಕ ಇವತ್ತು ಮೇಲೆ ಒಬ್ಬ ಮುದುಕನ ಜೊತೆ ಜಗಳಕ್ಕೆ ನಿಂತಿದ್ದಳು. ಆತ ಗುಳಿಗೆಯನ್ನು ಕೆನ್ನೆಯೊಳಗೆ ಅಡಗಿಸಿಕೊಂಡಿದ್ದನಂತೆ. "ನಾಲಿಗೆ ಎತ್ತಯ್ಯಾ. ಇನ್ನೂ ಎತ್ತು. ನಾನು ನಿನ್ನ ಹೆಂಡತಿಯಲ್ಲ, ಮಾತಲ್ಲಿ ಮರುಳಾಗೋಕೆ." ಮೂವತ್ತು ವರ್ಷದಿಂದ ನರ್ಸಾಗಿ ಅವಳದು ಇದೇ ಕೆಲಸ. ರೋಗಿ ನುಂಗಿದ್ದನ್ನು ಕಣ್ಣಾರೆ ನೋಡಿ ಗುರುತು ಹಾಕುವುದು. ನುರಾಯಿಂಗೂ ಇವಳೇ ನುಂಗಿಸಿದ್ದು. ಈ ಆರು ವರ್ಷದಲ್ಲಿ ಅವಳ ಬಾಯಿಂದ ಒಂದು ಮಾತು ಹೊರಗೆ ಹೋಗಿಲ್ಲ.

ಅಕ್ಟೋಬರ್ 17, ಗುರುವಾರ

ಪ್ರಿಂಟರ್. ಮತ್ತೆ ಪ್ರಿಂಟರ್. ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟದ್ದು ಇದಕ್ಕಾಗಿ.

ಅಕ್ಟೋಬರ್ 20, ಭಾನುವಾರ

ರಷ್ಯಾದಿಂದ ಗಂಡನ ಫೋನು ಬಂತು. ಶಾಸ್ತ್ರಕ್ಕೆ ಬರಲಾಗುವುದಿಲ್ಲವಂತೆ, ಕೆಲಸದಲ್ಲಿ ಬಿಡುತ್ತಿಲ್ಲ. ಬೈಯುವ ಶಕ್ತಿಯೂ ನನಗಿರಲಿಲ್ಲ.

ಮಧ್ಯಾಹ್ನ ಅಮ್ಮ ಮಗಳು ಬೋರ್ಸೋಕ್ ಕರಿಯುವ ಹಿಟ್ಟು ನಾದುತ್ತಾ ಕೂತಿದ್ದೆವು. ನುರಾಯಿಂ ತಲೆ ಎತ್ತದೆ ಹೇಳಿದಳು:

"ಮಿರ್ಲಾನ್‌ಗೆ ಹೇಳಿಬಿಡ್ಲಾ ಅಮ್ಮಾ?"

"ಏನನ್ನ?"

"ನಿನಗೆ ಗೊತ್ತಿಲ್ವಾ ಏನು ಅಂತ?"

"ವಾಸಿಯಾಗಿ ಆರು ವರ್ಷ ಆಯ್ತು. ಆಗಿ ಹೋಗಿದ್ದನ್ನ ಕೆದಕಿ ಯಾರಿಗೇನು ಉಪಕಾರ?"

"ಅವನು ನನ್ನ ಲೋಟದಲ್ಲೇ ಟೀ ಕುಡೀತಾನೆ. ಪ್ರತಿ ಸಲ ಎದೆ ಹೊಡ್ಕೊಳುತ್ತೆ ನಂಗೆ."

"ಅಂಟೋದಿಲ್ಲ ಈಗ. ಡಾಕ್ಟರೇ ಹೇಳಿದಾರೆ."

"ಅಂಟೋದಿಲ್ಲ ಅಂತ ನಂಗೂ ಗೊತ್ತಮ್ಮಾ."

ಓಲೆ ಬೀಳುವ ತನಕ ಬಾಯಿ ಮುಚ್ಚಿಕೊಂಡಿರು ಎಂದೆ. ಗದರಿಸಿಯೇ ಹೇಳಿದೆ. ಅವಳು ಹಿಟ್ಟು ಗುದ್ದಿದಳು. ಈ ಮದುವೆ ಆಗಲೇಬೇಕು. ಇಪ್ಪತ್ತೈದಾಯಿತು ಅವಳಿಗೆ, ಅವನನ್ನು ಕಂಡರೆ ಅವಳ ಮುಖವೇ ಬೇರೆಯಾಗುತ್ತದೆ. ನಮ್ಮ ಕಡೆ ಆ ರೋಗದ ಹೆಸರು ಕೇಳಿದರೆ ಬೀಗರು ಕುದುರೆ ತಿರುಗಿಸುವುದು ನಾನು ನೋಡದ್ದೇನಲ್ಲ.

ಅಕ್ಟೋಬರ್ 22, ಮಂಗಳವಾರ

ಇದನ್ನು ಬರೆದಿಡಲೇಬೇಕು.

ಬೆಳಿಗ್ಗೆ ಪ್ರಯೋಗಾಲಯದವರು ಪುಟ ನಿಧಾನ ಎಂದರು. ಏನೇನು ಓಡುತ್ತಿದೆ ಎಂದು ಪಟ್ಟಿ ತೆಗೆದೆ. ಸರ್ವರಿನ ಎದುರು ಅದು ಎದ್ದ ದಿನ ಬರೆದಿರುತ್ತದೆ. ಜೂನ್ 3.

ಇನ್ನೊಮ್ಮೆ ಓದಿದೆ. ತೇಪೆ ಹಾಕಿದ್ದು ಅಕ್ಟೋಬರ್ 15. ಸಂಜೆ ಮಾಡುತ್ತೇನೆ ಅಂದುಕೊಂಡವಳು ಮಾಡಲೇ ಇಲ್ಲ! ಹೊಸದು ಡಿಸ್ಕಿನಲ್ಲಿ ತಣ್ಣಗೆ ಮಲಗಿದೆ, ಓಡುತ್ತಿರುವುದು ಜೂನ್ ತಿಂಗಳಲ್ಲಿ ಎದ್ದ ಅದೇ ಹಳೆಯದು, ಬಾಗಿಲು ತೆರೆದುಕೊಂಡು. ಒಮ್ಮೆ ನಿಲ್ಲಿಸಿ ಎಬ್ಬಿಸುವ ತನಕ ಅದು ಹಳೆಯದೇ. ಎಲ್ದಿಯಾರನ ಪರೀಕ್ಷೆಯೋ, ಮಲಗಿದ್ದರ ಹೆಸರು ಓದಿಕೊಂಡು ಹಸಿರು ಗುರುತು ಕೊಟ್ಟಿತು. ನಾನು ಆ ಗುರುತು ನಂಬಿ ಪರದೆ ಬಟ್ಟೆ ತರಲು ಹೋದೆ. ಎರಡು ವರ್ಷದ ಹಿಂದೆ ಪಕ್ಕದ ಜಿಲ್ಲೆಯವನೊಬ್ಬ ಇದೇ ತಪ್ಪು ಮಾಡಿದಾಗ ಆ ಕಥೆಯನ್ನು ಟೀ ಹೊತ್ತಿನಲ್ಲಿ ಎಷ್ಟು ಸಲ ಹೇಳಿ ನಕ್ಕಿದ್ದೇನೆ.

ಯಾರನ್ನೂ ಕೇಳದೆ ಅಲ್ಲೇ ನಿಲ್ಲಿಸಿ ಎಬ್ಬಿಸಿದೆ. ಮೂವತ್ತೆಂಟು ಸೆಕೆಂಡು. ಪ್ರಯೋಗಾಲಯದಿಂದ ಕೂಗಾಡಿದರು. ಕೂಗಲಿ.

ಈಗ ಯಾರ್ಯಾರು ಬಂದು ಹೋದರೆಂಬ ದಾಖಲೆ ಓದಬೇಕು. ಏಳು ದಿನದ್ದು. ಇವತ್ತು ಆಗುವುದಿಲ್ಲ.

ಅಕ್ಟೋಬರ್ 23, ಬುಧವಾರ

ಬಂದಿದ್ದಾರೆ.

ಶುಕ್ರವಾರ, 18ನೇ ತಾರೀಖು, ಬೆಳಿಗ್ಗೆ 11.06. ತಿರುಚಿದ ವಿಳಾಸ ಇನ್ನೂರ ಹನ್ನೆರಡು ಸಲ. ಮೊದಲಿನವೆಲ್ಲ ಕತ್ತಲಲ್ಲಿ ತಡಕಾಡಿದ ಹಾಗಿವೆ. ಇನ್ನೂರ ಹನ್ನೆರಡನೆಯದು ಪಟ್ಟಿಯ ನಕಲು ಪ್ರತಿ. ಪೂರ್ತಿ ಹೋಗಿದೆ, ಒಂದು ಅಕ್ಷರ ಉಳಿಯದ ಹಾಗೆ. ಆ ಹೊತ್ತಿಗೆ ನಾನು ಇದೇ ಕುರ್ಚಿಯಲ್ಲಿ ಕೂತು ಒಣ ಏಪ್ರಿಕಾಟ್ ತಿನ್ನುತ್ತಿದ್ದೆ.

ನುರಾಯಿಂ ಸಾಲು 7,816. ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಫೋನು, ರೋಗ, ದಾಖಲಾದ ದಿನ, ಬಿಡುಗಡೆಯ ದಿನ. ಅಳಿಸಿಬಿಡೋಣ ಎಂದು ಕೈ ಹೋಯಿತು. ಅಳಿಸಿ ಏನು? ನನ್ನ ಹತ್ತಿರ ಇರುವುದು ಅಳಿಯುತ್ತದೆ, ಅವರ ಹತ್ತಿರ ಇರುವುದು ಇರುತ್ತದೆ.

ಅಕ್ಟೋಬರ್ 24, ಗುರುವಾರ

ಕಚ್ಕಿನ್‌ಬಾಯ್ ಅವರಿಗೆ ಹೇಳಿದೆ. ಅವರು ಮೊದಲು ಕೋಣೆಯ ಬಾಗಿಲು ಹಾಕಿದರು, ಆಮೇಲೆ ಕಿಟಕಿ.

"ಯಾರಿಗೆ ಗೊತ್ತು?"

"ನನಗೆ. ಈಗ ನಿಮಗೆ."

"ಬಿಷ್ಕೆಕ್‌ನವರಿಗೆ?"

"ಇನ್ನೂ ಹೇಳಿಲ್ಲ."

"ಹೇಳಬೇಡ. ಆ ಶುಕ್ರವಾರದ ದಾಖಲೆ ಅಳಿಸಿಬಿಡು. ಕಂಪ್ಯೂಟರ್ ತಾನೆ, ಒಂದು ದಿನ ಕೆಟ್ಟಿತ್ತು ಅಂದ್ರಾಯ್ತು."

"ಪಟ್ಟಿ ಹೋಗಿದೆ ಡಾಕ್ಟರೇ. ಜನಕ್ಕೆ ಹೇಳಬೇಕಲ್ವಾ?"

"ಹೇಳಿದ್ರೆ ಏನಾಗುತ್ತೆ ಗೊತ್ತಾ? ನಾಳೆಯಿಂದ ಒಬ್ರೂ ಔಷಧಿಗೆ ಬರೋದಿಲ್ಲ. ಹೆಸರು ಬರೆಸ್ಬೇಕು ಅಂದ್ರೆ ಮನೇಲೇ ಕೆಮ್ಕೊಂಡು ಸಾಯ್ತಾರೆ. ಅವರ ಮಕ್ಕಳಿಗೂ ಅಂಟಿಸ್ತಾರೆ. ನೀನು ಕಂಪ್ಯೂಟರ್ ನೋಡ್ತೀಯ, ನಾನು ಶ್ವಾಸಕೋಶ ನೋಡ್ತೀನಿ."

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಅರ್ಧ ನಿಜವೂ ಹೌದು. ಬಾಗಿಲು ತೆಗೆಯುವ ಮೊದಲು ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು: "ಎರಡನೇ ತಾರೀಖು ತನಕ ಆದ್ರೂ ಸುಮ್ಮನಿರು. ನಿನ್ನ ಮಗಳ ಮುಖ ನೋಡಿ ಹೇಳ್ತಿದೀನಿ."

ಸುಮ್ಮನಿದ್ದೇನೆ. ದಾಖಲೆಯನ್ನಂತೂ ಅಳಿಸಿಲ್ಲ.

ಅಕ್ಟೋಬರ್ 26, ಶನಿವಾರ

ಪರದೆ ಹೊಲಿದೆ. ನೆಟ್ಟಗೆ ಬರಲಿಲ್ಲ. ಬಿಚ್ಚಿ ಮತ್ತೆ ಹೊಲಿದೆ.

ಅಕ್ಟೋಬರ್ 28, ಸೋಮವಾರ

ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಗಲಾಟೆ. ಪೇಟೆಯಲ್ಲಿ ತಂದೂರಿ ಒಲೆಯಿಟ್ಟು ನಾನ್ ಸುಡುವ ಉಮುತ್, ಹೋದ ವರ್ಷದ ತನಕ ನಮ್ಮಲ್ಲಿ ಔಷಧಿ ತೆಗೆದುಕೊಂಡವಳು, ಬುರುಲ್ಕಾನ್ ಅಕ್ಕನ ಕೋಟು ಹಿಡಿದು ಜಗ್ಗುತ್ತಿದ್ದಳು. ಇನ್ನೊಂದು ಕೈಯಲ್ಲಿ ಫೋನು. ಅದಕ್ಕೆ ಯಾರೋ ಸಂದೇಶ ಕಳಿಸಿದ್ದಾರೆ. ಅವಳ ಎಕ್ಸ್‌ರೇ ನೋಡಿ ದಾಖಲಿಸಿಕೊಂಡ ತಾರೀಖಿನ ಸಮೇತ, ನಿನ್ನ ರೊಟ್ಟಿ ತಿನ್ನುವವರಿಗೆ ಇದು ಗೊತ್ತಾ ಎಂದು.

"ನೀನೊಬ್ಳೇ ಕಣೇ ನನ್ನ ಬಾಯಿ ತೆಗೆಸಿ ನೋಡ್ತಿದ್ದೋಳು! ಯಾರ ಹತ್ರ ಬಾಯಿ ಬಿಟ್ಟೆ?"

"ನಾನು ಹೇಳಿಲ್ಲ ಉಮುತ್. ನನ್ನ ಮೊಮ್ಮಕ್ಕಳ ಆಣೆ."

"ಮತ್ತೆ ಗಾಳಿ ಬಂದು ಹೇಳ್ತಾ? ಇದೇ ಸಂದೇಶ ನೋಡಿ ನಿನ್ನೆ ಇಬ್ರು ರೊಟ್ಟಿ ಬೇಡ ಅಂತ ವಾಪಸ್ ಇಟ್ಟು ಹೋದ್ರು!"

ಜನ ಸೇರಿದರು. ಔಷಧಿಗೆ ಬಂದವರು ಒಬ್ಬೊಬ್ಬರಾಗಿ ಬುರುಲ್ಕಾನ್ ಅಕ್ಕನಿಂದ ಹಿಂದೆ ಸರಿದು ನಿಂತರು. ಕಚ್ಕಿನ್‌ಬಾಯ್ ಹೊರಗೆ ಬಂದು, ವಿಚಾರಣೆ ಮಾಡುತ್ತೇವೆ, ಅಲ್ಲಿಯ ತನಕ ನರ್ಸು ಮನೆಯಲ್ಲಿರಲಿ ಎಂದರು. ಹಾಗೆನ್ನುವಾಗ ನನ್ನ ಕಡೆ ನೋಡಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಬಾಯಿ ತೆಗೆಯಲಿಲ್ಲ. ಬುರುಲ್ಕಾನ್ ಅಕ್ಕ ಬಿಳಿ ಕೋಟು ಬಿಚ್ಚಿ, ಮಡಿಸಿ, ಚೀಲದಲ್ಲಿಟ್ಟುಕೊಂಡು ಗೇಟು ದಾಟಿ ಹೋದಳು.

ನಾನೆಂಥವಳು?

ಅಕ್ಟೋಬರ್ 29, ಮಂಗಳವಾರ

ಇಬ್ಬರು ಮಾತ್ರ ಔಷಧಿಗೆ ಬಂದರು. ದಿನವೂ ಮೂವತ್ತೊಂದು ಜನ ಬರುತ್ತಿದ್ದರು. ಅಂದರೆ ನಾವು ಸುಮ್ಮನಿದ್ದರೂ ಜನ ಬರುವುದಿಲ್ಲ.

ಅಕ್ಟೋಬರ್ 30, ಬುಧವಾರ

ಸಂಜೆ ನುರಾಯಿಂಗೆ ಹೇಳಿದೆ. ತೇಪೆ, ಜೂನ್ 3, ಇನ್ನೂರ ಹನ್ನೆರಡು, ಅವಳ ಸಾಲು, ಎಲ್ಲ. ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವಳು ಹಾಗೇ ಕೂತುಬಿಟ್ಟಳು.

"ನಾಳೆ ಬೋರ್ಡಿಗೆ ಹಾಕ್ತೀನಿ. ಪಟ್ಟಿ ಕಳುವಾಗಿದೆ, ತಪ್ಪು ನಂದು ಅಂತ. ಬುರುಲ್ಕಾನ್ ಅಕ್ಕನ ಮೇಲೆ ಬಂದಿದೆ, ನುರಾ."

"ಮೂರು ದಿನ ತಡೆಯೋಕಾಗಲ್ವಾ?" ಅಂದಳು. ಆಮೇಲೆ ತಾನೇ, "ಇಲ್ಲ. ಆಗಲ್ಲ," ಅಂದಳು.

ಬೈಯುತ್ತಾಳೆ ಎಂದು ಕಾದೆ. ಬೈದಳು ಕೂಡ.

"ಕಳ್ಳರು ಈಗ ತಗೊಂಡು ಹೋಗಿದ್ದನ್ನ ನೀನು ಆರು ವರ್ಷದಿಂದ ಬೀಗ ಹಾಕಿ ಇಟ್ಟಿದ್ದೆ. ಯಾರಾದ್ರೂ ಕೇಳಿದ್ರೆ ನಾನು ಬಿಷ್ಕೆಕ್‌ನಲ್ಲಿ ಯಾವ ಬೀದೀಲಿದ್ದೆ ಅಂತ ಹೇಳೋಕೆ ಬೀದಿ ಹೆಸರು ಬಾಯಿಪಾಠ ಮಾಡಿಸಿದೀಯ. ನಾನು ಕಾಯಿಲೆ ಬಿದ್ದಿದ್ದೆ ಅಷ್ಟೇ ಅಮ್ಮಾ. ಕಳ್ಳತನ ಮಾಡಿರ್ಲಿಲ್ಲ. ನಂಗೆ ಸುಸ್ತಾಗಿದೆ."

ನನಗೂ ಸುಸ್ತಾಗಿದೆ ಎನ್ನಬಹುದಿತ್ತು. ಆ ಮಾತನ್ನು ಇವತ್ತು ಅವಳಿಗೇ ಬಿಟ್ಟೆ.

ಅಕ್ಟೋಬರ್ 31, ಗುರುವಾರ

ಬೆಳಿಗ್ಗೆ ಮೊದಲು ಎಲ್ದಿಯಾರನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ನನ್ನ ಪರೀಕ್ಷೇದೂ ತಪ್ಪು ಅಕ್ಕಾ. ಓಡ್ತಿರೋದನ್ನ ನೋಡಬೇಕಿತ್ತು ಅದು. ಎಲ್ಲಾ ಕಡೆಗೂ ಇವತ್ತೇ ಬರೀತೀನಿ. ಹಸಿರು ಗುರುತು ತೋರಿಸಿ ಸುಮ್ಮನೆ ಕೂತಿರೋರು ಇನ್ನೂ ಎಷ್ಟು ಜನ ಇದಾರೋ."

"ತೇಪೆ ಹಾಕಿದಮೇಲೆ ಎಬ್ಬಿಸಬೇಕು ಅಂತ ಪರೀಕ್ಷೆ ಹೇಳಿಕೊಡಬೇಕಾಗಿರಲಿಲ್ಲ ನಂಗೆ," ಎಂದೆ.

ಪ್ರಕಟಣೆಗೆ ಕಚ್ಕಿನ್‌ಬಾಯ್ ಸಹಿ ಹಾಕಲಿಲ್ಲ. ಹರಿದೂ ಹಾಕಲಿಲ್ಲ. "ನಾನು ನೋಡಿಲ್ಲ," ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆ ಬಾಗಿಲಿಗೆ ಒಂದು ಪ್ರತಿ ಅಂಟಿಸಿದೆ, ತಾಣದ ಮೊದಲ ಪುಟದಲ್ಲಿ ಒಂದು, ಪೇಟೆಯ ಬೋರ್ಡಿಗೆ ಒಂದು. ಹೀಗೆ ಬರೆದೆ:

"ಅಕ್ಟೋಬರ್ 18ರಂದು ಈ ಆಸ್ಪತ್ರೆಯ ರೋಗಿಗಳ ಪಟ್ಟಿಯನ್ನು ಹೊರಗಿನವರು ಸರ್ವರಿನಿಂದ ಕದ್ದಿದ್ದಾರೆ. ಯಾವ ನರ್ಸೂ ಯಾವ ವೈದ್ಯರೂ ಯಾರ ಹೆಸರನ್ನೂ ಹೊರಗೆ ಹೇಳಿಲ್ಲ. ಸರ್ವರ್ ನೋಡಿಕೊಳ್ಳುವವಳು ನಾನು. ತೇಪೆ ಹಾಕಿ, ಅದು ಕೆಲಸಕ್ಕೆ ಬಂತೇ ಎಂದು ನೋಡದೆ ಬಿಟ್ಟವಳು ನಾನು. ನಿಮ್ಮ ಹೆಸರಿದೆಯೇ ಎಂದು ಕೇಳಲು ಈ ಸಂಖ್ಯೆಗೆ ಫೋನ್ ಮಾಡಿ." ಕೆಳಗೆ ನನ್ನ ಹೆಸರು, ನನ್ನ ಸ್ವಂತ ಫೋನಿನ ಸಂಖ್ಯೆ.

ಅಲ್ಲಿಂದ ಬುರುಲ್ಕಾನ್ ಅಕ್ಕನ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಹೊಸಿಲಲ್ಲೇ ನಿಂತು ಕೇಳಿಸಿಕೊಂಡಳು.

"ಮೂವತ್ತು ವರ್ಷ ಒಬ್ಬೊಬ್ಬರ ನಾಲಿಗೆ ಎತ್ತಿಸಿ ನೋಡಿದೀನಿ ನಾನು. ನಿನಗೆ ಒಂದೇ ಒಂದು ಸಲ ನೋಡೋಕಾಗ್ಲಿಲ್ವಾ?"

"ಇಲ್ಲ ಅಕ್ಕ."

"ಮೆಟ್ಟಿಲ ಮೇಲೆ ನಿಂತಿದ್ದೆಯಲ್ಲ ಅವತ್ತು. ನಾನು ನೋಡ್ದೆ."

ಬಾಗಿಲು ಹಾಕಿಕೊಂಡಳು. ಕ್ಷಮಿಸು ಎಂದು ನಾನು ಬಾಗಿಲಿಗೆ ಹೇಳಿ ಬಂದೆ.

ಸಂಜೆ ನುರಾಯಿಂ ತಡವಾಗಿ ಬಂದಳು. ನನಗೂ ಹೇಳದೆ ಮಿರ್ಲಾನ್ ಮನೆಗೇ ಹೋಗಿದ್ದಾಳೆ. ತಾಯಿ ಮಗ ಇಬ್ಬರನ್ನೂ ಕೂರಿಸಿ ಹೇಳಿದ್ದಾಳೆ. ಮಿರ್ಲಾನ್ ಎಷ್ಟು ತಿಂಗಳು, ಯಾವ ಔಷಧಿ ಎಂದು ಡಾಕ್ಟರ ಹಾಗೆ ಕೇಳಿದನಂತೆ, ಆಮೇಲೆ ಅವಳ ಲೋಟಕ್ಕೆ ಟೀ ತುಂಬಿದನಂತೆ. ಶಾರ್ಕುಲ್ ಎದ್ದು ನಿಂತು, "ಸುಳ್ಳು ಹೇಳಿ ಹೆಣ್ಣು ಕೊಡೋ ಮನೆ ಹೊಸಿಲು ನಾನು ತುಳಿಯಲ್ಲ. ನಿಮ್ಮಮ್ಮನಿಗೆ ಹೇಳು," ಅಂದರಂತೆ.

"ನಿನಗೆ ಹೇಳು ಅಂದ್ರು, ಹೇಳಿದೀನಿ," ಎಂದು ಮಗಳು ಮಲಗಲು ಹೋದಳು.

ನವೆಂಬರ್ 1, ಶುಕ್ರವಾರ

ಮನೆಯಲ್ಲೇ ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ ತೆರೆದು ಕೂತೆ. ನೂರ ನಲವತ್ತು ಕರೆಗಳು. ನನ್ನ ಕುಲವನ್ನೆಲ್ಲ ಎಳೆದು ಬೈದವರಿದ್ದಾರೆ. ಅತ್ತವರಿದ್ದಾರೆ. ಒಬ್ಬ ಮುದುಕ, "ನನ್ನ ಹೆಸರು ಇರ್ಲಿ ಬಿಡಮ್ಮ, ನನ್ನ ಹೆಂಡ್ತಿದು ಇದೆಯಾ ನೋಡು, ಅವಳು ತೀರ್ಕೊಂಡು ಹತ್ತು ವರ್ಷ ಆಯ್ತು," ಎಂದ. ಇತ್ತು. ಅವಳ ಹೆಸರು ನನ್ನ ಬಾಯಿಂದ ಕೇಳಿ ಆತ ಖುಷಿಪಟ್ಟ ಹಾಗಿತ್ತು. ಹುಟ್ಟಿದ ದಿನ, ವಿಳಾಸ ಕೇಳಿ ಖಾತ್ರಿ ಮಾಡಿಕೊಂಡು ಒಂದೊಂದೇ ಹೆಸರು ಹುಡುಕಿದೆ. ಟೈಪ್ ಮಾಡುವಾಗ ಓದದೆ ಬಿಟ್ಟಿದ್ದನ್ನೆಲ್ಲ ಈಗ ಓದಬೇಕಾಗಿದೆ. ನಮ್ಮ ಬೀದಿಯಲ್ಲೇ ಒಂಬತ್ತು ಮನೆ. ನನಗಿದು ತಿಳಿದೇ ಇರಲಿಲ್ಲ.

ನಾಲ್ಕು ಗಂಟೆಗೆ ಫೋನಿನ ಮೇಲೆ ಶಾರ್ಕುಲ್ ಹೆಸರು ಮೂಡಿತು. ಬೈಯಲಿ, ಮುಗಿಯಲಿ ಎಂದು ಎತ್ತಿದೆ. ಹಿಂದೆ ಗಾಳಿ ಬೀಸುವ ಸದ್ದು. ಮನೆಯಿಂದ ಹೊರಗೆ ಬಂದು ಎಲ್ಲೋ ನಿಂತು ಮಾಡುತ್ತಿದ್ದರು.

"ಸೈರಾಗುಲ್, ನಾನು ನಾಳೆ ವಿಷಯಕ್ಕೆ ಮಾಡಿಲ್ಲ."

"ಹೇಳಿ."

"ಹಳೇ ಚೀಟಿಗಳೂ ಅದರಲ್ಲಿ ಇದಾವಾ? ತೊಂಬತ್ತೈದನೇ ಇಸವಿದು?"

"ಇದಾವೆ."

ಆಮೇಲೆ ಅವರು ತಮ್ಮ ಹೆಸರು ಹೇಳಿದರು. ಮದುವೆಗೆ ಮುಂಚಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ತವರಿನ ಹಳ್ಳಿ. ಬೇರೆಯವರನ್ನು ಕೇಳಿದ ಹಾಗೆ ಇವರನ್ನು ಏನೂ ಕೇಳಬೇಕಾಗಲಿಲ್ಲ. ಹುಡುಕಿದೆ. ಸಾಲು 486.

"ಇದೆ," ಎಂದೆ.

ಉಸಿರು ಎಳೆದುಕೊಂಡದ್ದು ಕೇಳಿಸಿತು.

"ನನ್ನ ಗಂಡ ಗೊತ್ತಿಲ್ಲದೇನೇ ಸತ್ತ. ಮಿರ್ಲಾನ್‌ಗೂ ಗೊತ್ತಿಲ್ಲ. ಬುರುಲ್ಕಾನ್ ಒಬ್ಳಿಗೆ ಗೊತ್ತು. ಪೇಟೇಲಿ ಅವಳು ಕಂಡ್ರೆ ಇಪ್ಪತ್ತೊಂಬತ್ತು ವರ್ಷದಿಂದ ಆ ಕಡೆ ಬೀದಿಗೆ ದಾಟ್ಕೋತೀನಿ. ನಿನ್ನೆ ನಿನ್ನ ಮಗಳು ನಮ್ಮನೇಲಿ ಕೂತು ಅಷ್ಟು ನೆಟ್ಟಗೆ ಹೇಳಿದ್ಲಲ್ಲ, ನಾನು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ."

"ಕೇಳ್ದೆ."

"ನೀನು ಅವಳಿಗೆ ಇದನ್ನ ಹೇಳ್ತೀಯಾ?"

ಹೇಳಿದರೆ ನುರಾಯಿಂ ಎದ್ದು ಕೂರುತ್ತಾಳೆ. ಒಂದು ಮಾತು ಸಾಕು, ಮಿರ್ಲಾನ್ ಕಿವಿಗೂ ಹೋಗುತ್ತದೆ, ಶಾರ್ಕುಲ್ ಎದುರಾಡುವಂತಿಲ್ಲ, ನಾಳೆ ಓಲೆ ಬಿದ್ದೇ ಬೀಳುತ್ತದೆ. ಕ್ಷಣ ಹೊತ್ತು ಅದೆಲ್ಲ ತಲೆಯಲ್ಲಿ ಓಡಿತು. ಓಡಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ.

"ಇಲ್ಲ," ಎಂದೆ. "ಇದು ಆಸ್ಪತ್ರೆ ಕೆಲಸಕ್ಕೆ ಬಂದ ಫೋನು. ನೀವು ನಾಳೆ ಬಂದ್ರೂ ಹೇಳಲ್ಲ, ಬರದಿದ್ರೂ ಹೇಳಲ್ಲ."

ಅವರು ಫೋನ್ ಇಟ್ಟರು.

ನುರಾಯಿಂ ಒಳಗಿನಿಂದ, "ಅಷ್ಟು ಹೊತ್ತು ಯಾರಮ್ಮಾ?" ಎಂದಳು. ಒಬ್ಬರು ರೋಗಿ ಎಂದೆ. ಮತ್ತೆ ಫೋನ್ ಬಡಿದುಕೊಂಡಿತು, ಎತ್ತಿದೆ.

ನವೆಂಬರ್ 2, ಶನಿವಾರ

ಹನ್ನೊಂದು ಗಂಟೆಗೆ ಬರಬೇಕಾದವರು ಬರಲಿಲ್ಲ. ಹನ್ನೆರಡಾಯಿತು. ಇಪ್ಪತ್ತು ಜನಕ್ಕೆ ಹಾಸಿದ ಮೇಜುಬಟ್ಟೆ, ಬೋರ್ಸೋಕ್ ರಾಶಿ, ಬೆಳಿಗ್ಗೆ ಕಡಿದ ಕುರಿ ಹಂಡೆಯಲ್ಲಿ. ನನ್ನ ತಂಗಿ ಬಂದವಳು ಕಣ್ಣು ಒರೆಸಿಕೊಂಡು ಹೊರಗೆ ಹೋದಳು. ನುರಾಯಿಂ ಅವಳಿಗೆ, "ಚಿಕ್ಕಮ್ಮ, ನಂಗೆ ಕ್ಷಯ ಬಂದಿತ್ತು, ವಾಸಿಯಾಯ್ತು. ಅದಕ್ಕೆ ಅವರು ಬಂದಿಲ್ಲ. ಊಟ ಮಾಡೋಣ," ಎಂದಳು. ನಾನು ಅವಳ ಬಾಯಿ ಮುಚ್ಚಿಸಲಿಲ್ಲ. ಹೌದು, ನನ್ನ ಮಗಳಿಗೆ ಕ್ಷಯ ಬಂದಿತ್ತು.

ಒಂದೂವರೆಗೆ ನಾಯಿ ಬೊಗಳಿತು. ಇಪ್ಪತ್ತು ಜನ ಇಲ್ಲ. ಮಿರ್ಲಾನ್, ಅವನ ಹಿಂದೆ ಶಾರ್ಕುಲ್. ಇಬ್ಬರೇ. ಮಿರ್ಲಾನ್‌ಗೆ ತಾಯಿ ಯಾಕೆ ಮನಸ್ಸು ಬದಲಿಸಿದರೆಂದು ಗೊತ್ತಿರಲಿಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಶಾರ್ಕುಲ್ ನನಗೆ ನಮಸ್ಕಾರ ಹೇಳಿದರು, ಕಣ್ಣು ಸೇರಿಸಲಿಲ್ಲ.

ಒಂದು ಓಲೆ ಸಲೀಸಾಗಿ ಹೋಯಿತು. ಎರಡನೆಯದು ಹೋಗಲಿಲ್ಲ, ಎರಡು ಸಲ ಕಿವಿಯ ತೂತು ತಪ್ಪಿತು. ನುರಾಯಿಂ ಅವರ ಮುಂಗೈ ಹಿಡಿದುಕೊಂಡು, "ನಿಧಾನ," ಎಂದಳು. ಶಾರ್ಕುಲ್ ಅವಳ ಕಿವಿಯ ಹತ್ತಿರ ಬಾಗಿದರು, ಓಲೆ ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಗೇ ಇದ್ದರು. ತುಟಿ ಅಲ್ಲಾಡುತ್ತಿತ್ತು. ನಾನು ಟೀ ಪಾತ್ರೆ ಹಿಡಿದು ಬಾಗಿಲಲ್ಲಿದ್ದೆ, ಏನೂ ಕೇಳಿಸಲಿಲ್ಲ. ನುರಾಯಿಂ ತಿರುಗಿ ಅವರ ಮುಖ ನೋಡಿದಳು, ಆಮೇಲೆ ಎರಡೂ ಕೈಯಿಂದ ಅವರನ್ನು ತಬ್ಬಿಕೊಂಡಳು.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಾ ಕೇಳಿದೆ: "ಏನಂದ್ರು ಕಿವೀಲಿ?"

"ಏನಿಲ್ಲ," ಎಂದಳು ನುರಾಯಿಂ. "ನಿನ್ನೆ ಅಷ್ಟು ಹೊತ್ತು ಫೋನಲ್ಲಿ ಇದ್ದೋರು ಯಾರು?"

"ಒಬ್ಬರು ರೋಗಿ."

"ಸರಿ," ಎಂದು ತಟ್ಟೆ ಒರೆಸಲು ಬಟ್ಟೆ ಎತ್ತಿಕೊಂಡಳು. ಅವಳೂ ಇನ್ನೊಂದು ಮಾತು ಕೇಳಲಿಲ್ಲ, ನಾನೂ ಕೇಳಲಿಲ್ಲ.